ಹೆಗಲ ಮೇಲಿನ ಸೈಕಲ್

ನೆಲೋಗಿಯ ಗುರಣ್ಣ ಮಡಚುವ ಸೈಕಲ್ ತಂದಾಗ ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆದರೂ ನಾನು ಮೊದಲ ದಿನವೇ ಹೇಳಿಬಿಟ್ಟೆ. ನಡುವಿನಲ್ಲಿ ಎರಡಾಗುವ ಸಾಮಾನಿನ ಮೇಲೆ ಬುದ್ಧಿ ಇರುವ ಮನುಷ್ಯ ಕೂತುಕೊಳ್ಳುವುದಿಲ್ಲ ಎಂದೆ. ಗುರಣ್ಣ ನಕ್ಕ. ಅವನು ಎಲ್ಲದಕ್ಕೂ ನಗುತ್ತಿದ್ದ. ಅವನ ವ್ಯಾಪಾರಕ್ಕೆ ಆ ನಗು ಬೇಕೂ ಆಗಿತ್ತು.

ನಾನು ಕೊಳಕೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ಹೆಸರು ಅಣ್ಣಾರಾಯ. ಗಿರಣಿ ಇರುವುದು ಊರಿನ ಅಂಚಿನಲ್ಲಿ. ಬಸ್ಸು ನಿಲ್ಲುವ ಕ್ರಾಸಿನಿಂದ ಊರೊಳಗೆ ಬರುವವರು ಯಾರೇ ಆಗಲಿ ನನ್ನ ಬಾಗಿಲ ಮುಂದೆಯೇ ಹಾದು ಹೋಗಬೇಕು. ಹೀಗಾಗಿ ಊರಿಗೆ ಯಾರು ಬಂದರು, ಹೋಗುವಾಗ ಎಂಥ ಮುಖ ಮಾಡಿಕೊಂಡು ಹೋದರು ಅನ್ನುವುದು ನಾನು ಬೇಡವೆಂದರೂ ನನಗೆ ತಿಳಿಯುತ್ತದೆ. ಉಳಿದದ್ದನ್ನು ಜೋಳ ಬೀಸಿಸಲು ಬರುವ ಹೆಣ್ಣುಮಕ್ಕಳು ತಿಳಿಸುತ್ತಾರೆ. ಎಂಜಿನ್ನಿನ ಸದ್ದಿಗೆ ಅವರು ಕೂಗಿ ಕೂಗಿ ಮಾತಾಡಬೇಕು, ಆದ್ದರಿಂದ ನನ್ನ ಗಿರಣಿಯಲ್ಲಿ ಗುಟ್ಟು ಎನ್ನುವುದು ಉಳಿಯುವುದಿಲ್ಲ.

ಗುರಣ್ಣ ಖಣ ಮಾರುತ್ತಿದ್ದ. ಖಣವೆಂದರೆ ಗುಳೇದಗುಡ್ಡದ ರವಿಕೆ ಬಟ್ಟೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬಬೇಕಾದರೆ ಖಣ ಬೇಕು, ಮದುವೆಗೆ ಬೇಕು, ಬಸುರಿಗೆ ತವರಿನವರು ಕುಬುಸದ ಶಾಸ್ತ್ರ ಮಾಡುವಾಗ ಹಸಿರು ಖಣವೇ ಬೇಕು. ಅವನು ಗಂಟು ಬಿಚ್ಚಿದರೆ ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಕೂರುತ್ತಿದ್ದರು. ಮಾರುವುದಕ್ಕಿಂತ ಹೆಚ್ಚು ಹೊತ್ತು ಅವನು ಬಟ್ಟೆ ಬಿಚ್ಚಿ ತೋರಿಸುತ್ತಿದ್ದ. ಕೊಳ್ಳದವರ ಮೇಲೂ ಸಿಟ್ಟು ಮಾಡುತ್ತಿರಲಿಲ್ಲ. ಅವನ ತಂಗಿ ಶರಣಬಸಮ್ಮನನ್ನು ನಮ್ಮೂರಿಗೇ ಕೊಟ್ಟಿದ್ದರು. ಗಂಡ ಮಲ್ಕಪ್ಪ ಒಕ್ಕಲುತನದವನು, ಮಾತು ಕಡಿಮೆ. ಗಿರಣಿಯ ಬಾಗಿಲಲ್ಲಿ ನಿಂತರೆ ಅವರ ಮನೆಯ ಮಾಳಿಗೆ ಕಾಣುತ್ತದೆ.

ಸೈಕಲ್ ಅವನಿಗೆ ಸಿಕ್ಕಿದ್ದು ಆಳಂದದ ಸಂತೆಯಲ್ಲಿ. ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ಹೈದರಾಬಾದಿನಲ್ಲಿ ಮಿಲಿಟರಿಯವರು ಹರಾಜು ಹಾಕಿದ ಮಾಲಂತೆ, ಸಿಪಾಯಿಗಳು ಇದನ್ನು ಮಡಚಿ ಬೆನ್ನಿಗೆ ಕಟ್ಟಿಕೊಂಡು ವಿಮಾನದಿಂದ ಜಿಗಿಯುತ್ತಿದ್ದರಂತೆ, ಎಂಥ ಗುಡ್ಡವನ್ನೂ ಹತ್ತುತ್ತದಂತೆ. ಇದೆಲ್ಲ ಮಾರುವವನ ಮಾತು. ಜೇವರ್ಗಿ ತಾಲೂಕನ್ನು ಪೂರ್ತಿ ಜಾಲಾಡಿದರೂ ಹತ್ತುವಂಥ ಒಂದು ಗುಡ್ಡ ಸಿಗುವುದಿಲ್ಲ, ಆದರೆ ಗುರಣ್ಣನಿಗೆ ಅದು ಹೊಳೆಯಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಬೇರೆ. ಚಕ್ರ ದೊಡ್ಡವು, ದೊಡ್ಡವರು ಹತ್ತುವ ಪೂರಾ ಸೈಕಲ್ ಅದು, ಮಕ್ಕಳ ಆಟಿಕೆಯಲ್ಲ. ನಡುವಿನಲ್ಲಿ ಬಾಗಿಲಿಗಿರುವಂಥ ಎರಡು ಬಿಜಾಗರಿ, ಕಿವಿ ಇರುವ ಎರಡು ನಟ್ಟು. ಕೈಯಲ್ಲೇ ತಿರುಗಿಸಿದರೆ ಮುಂದಿನ ಚಕ್ರ ಹಿಂದಿನ ಚಕ್ರದ ಪಕ್ಕಕ್ಕೆ ಬಂದು ಮಲಗುತ್ತಿತ್ತು. ಗೋಣಿತಟ್ಟು ಸುತ್ತಿದರೆ ಬಸ್ಸಿನ ಹಿಂದಿನ ಸೀಟಿನ ಬಳಿ ನಿಲ್ಲಿಸಬಹುದು.

ಅದರ ಅನುಕೂಲ ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆಗ ನಮ್ಮ ಕಡೆಯ ಬಸ್ಸುಗಳು ಡಾಂಬರು ಬಿಟ್ಟು ಇಳಿಯುತ್ತಿರಲಿಲ್ಲ. ಯಾವುದೋ ಕ್ರಾಸಿನಲ್ಲಿ ಇಳಿಸಿ ಹೋದರೆ ಅಲ್ಲಿಂದ ಊರಿಗೆ ಕಾಲೇ ಗತಿ. ಬೇರೆ ಸೈಕಲ್ಲಾದರೆ ಬಸ್ಸಿನ ತಲೆಯ ಮೇಲೆ ಏರಿಸಬೇಕು, ಕಂಡಕ್ಟರನ ಗದ್ದ ಹಿಡಿಯಬೇಕು. ಗುರಣ್ಣ ಬಸ್ಸಿನಲ್ಲಿ ಅಫಜಲಪುರದವರೆಗೂ ಹೋಗಿ, ಇಳಿದು, ಸೈಕಲ್ ಬಿಚ್ಚಿ, ಒಳಗಿನ ಹಳ್ಳಿಗಳನ್ನೆಲ್ಲ ಸುತ್ತಿ ಸಂಜೆಗೆ ಮನೆಯಲ್ಲಿರುತ್ತಿದ್ದ.

ಅನಾನುಕೂಲವನ್ನು ಜೇವರ್ಗಿಯ ಸೈಕಲ್ ರಿಪೇರಿಯ ಅಬ್ದುಲ್ ಗನಿ ಪಟ್ಟಿ ಮಾಡಿ ಹೇಳಿದ್ದ. ಬೇರೆ ಸೈಕಲ್ಲಿಗಿಂತ ಭಾರ. ಬಿಜಾಗರಿ ಸವೆದರೆ ನಡು ಅಲ್ಲಾಡುತ್ತದೆ. ಹಿಂದೆ ಇನ್ನೊಬ್ಬರನ್ನು ಕೂರಿಸುವ ಹಾಗಿಲ್ಲ. ಬಿಡಿಭಾಗ ಹೈದರಾಬಾದಿನಲ್ಲೂ ಸಿಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಆ ದಪ್ಪ ಹಲ್ಲಿನ ಟಾಯರು. ಕಲ್ಲು ಗುಡ್ಡಕ್ಕೆ ಅದು ಚೆನ್ನ, ಆದರೆ ನಮ್ಮ ಎರೆಮಣ್ಣು ಮಳೆಗೆ ನೆನೆದರೆ ಆ ಹಲ್ಲುಗಳ ನಡುವೆ ಹೊಕ್ಕು ಚಕ್ರವನ್ನೇ ಕಚ್ಚಿ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಈ ಸೈಕಲ್ ನಿನ್ನನ್ನು ಹೊರುವುದಿಲ್ಲ, ನೀನೇ ಇದನ್ನು ಹೊರಬೇಕು ಎಂದು ಗನಿ ಹೇಳಿ ಕಳಿಸಿದ. ಗುರಣ್ಣ ಅದಕ್ಕೂ ನಕ್ಕನಂತೆ.

ಮೊದಲ ವರ್ಷ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆಮೇಲೆ ನೆಲೋಗಿಯ ದೌಲತರಾಯ ಗೌಡರ ತಾಯಿ ತೀರಿಕೊಂಡರು.

ನಮ್ಮಲ್ಲಿ ಹೆಣ್ಣುಮಗಳು ಎಷ್ಟೇ ಮುದುಕಿಯಾಗಿ ಸತ್ತರೂ ತವರಿನ ಸೀರೆ ಬಾರದೆ ಮಣ್ಣು ಮಾಡುವುದಿಲ್ಲ. ಮಣ್ಣನ್ನು ಮರುದಿನಕ್ಕೆ ನಿಲ್ಲಿಸುವ ರೂಢಿಯೂ ಇಲ್ಲ. ಆದ್ದರಿಂದ ಸುದ್ದಿ ಬೇಗ ಮುಟ್ಟಬೇಕು. ಹಿಂದೆಲ್ಲ ಸುದ್ದಿ ಒಯ್ಯುವುದನ್ನು ಕೆಳಗಿನ ಕೇರಿಯವರ ತಲೆಗೆ ಕಟ್ಟಿದ್ದರು. ಬಿಸಿಲಿರಲಿ ಮಳೆಯಿರಲಿ ಅವರು ನಡೆದೇ ಹೋಗಬೇಕು, ಅಂಗಳದ ಹೊರಗೆ ನಿಂತು ಕೂಗಿ ಹೇಳಬೇಕು. ಆ ಕೇರಿಯ ಹೊಸ ತಲೆಮಾರಿನವರು ಒಂದು ದಿನ ಇದು ನಮ್ಮ ಕೆಲಸವಲ್ಲ ಎಂದು ಬಿಟ್ಟರು. ಬಿಟ್ಟದ್ದು ಸರಿಯೇ, ಇನ್ನೂ ಮೊದಲೇ ಬಿಡಬೇಕಿತ್ತು. ಆದರೆ ಆ ಕೆಲಸವನ್ನು ತಾವು ಮಾಡಲು ಊರಲ್ಲಿ ಬೇರೆ ಯಾರೂ ಮುಂದೆ ಬರಲಿಲ್ಲ. ಸಾವಿನ ಸುದ್ದಿ ಒಯ್ದವನ ಬೆನ್ನಿಗೆ ಸಾವೂ ಹೋಗುತ್ತದೆ ಎಂದು ನಂಬಿದ ಜನ.

ಗೌಡರ ತಾಯಿಯ ತವರು ಅಫಜಲಪುರದಿಂದ ಒಳಗೆ, ಬಸ್ಸಿಲ್ಲದ ಹಳ್ಳಿ. ಗೌಡರು ತಾವೇ ಗುರಣ್ಣನ ಮನೆಗೆ ಬಂದರು. ಆ ವಯಸ್ಸಿನ ಮನುಷ್ಯ ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಗುರಣ್ಣ ಬಸ್ಸು ಹತ್ತಿದ, ಇಳಿದು ಸೈಕಲ್ ಬಿಚ್ಚಿದ, ಹೊತ್ತು ಏರುವುದರೊಳಗೆ ಸುದ್ದಿ ಮುಟ್ಟಿಸಿದ. ಅಣ್ಣತಮ್ಮಂದಿರು ಸೀರೆ ಹಿಡಿದುಕೊಂಡು ಬಂದು ಮುಖ ನೋಡಿದರು. ಗೌಡರು ಎಲ್ಲರ ಎದುರು ಗುರಣ್ಣನ ಬೆನ್ನು ತಟ್ಟಿದರು.

ಬೆನ್ನು ತಟ್ಟಿಸಿಕೊಂಡದ್ದೇ ತಪ್ಪಾಯಿತು. ಅಲ್ಲಿಂದ ನೆಲೋಗಿಯಲ್ಲಿ ಯಾರು ಸತ್ತರೂ ಗುರಣ್ಣನನ್ನೇ ಕರೆದರು. ಆಮೇಲೆ ಪಕ್ಕದ ಹಳ್ಳಿಯವರು ಕರೆದರು. ಬೇರೆಯವರ ಬಳಿ ಸೈಕಲ್ ಇರಲಿಲ್ಲವೇ ಎಂದರೆ ಇದ್ದವು, ಆದರೆ ಅವು ಬಸ್ಸು ಹತ್ತುತ್ತಿರಲಿಲ್ಲ ಎಂದು ಅವುಗಳ ಯಜಮಾನರು ಬಹಳ ಬೇಸರದಿಂದ ಹೇಳುತ್ತಿದ್ದರು.

ಸುದ್ದಿ ಒಯ್ದವನಿಗೆ ಒಂದು ಕಟ್ಟಳೆ ಇದೆ. ಹೊಸ್ತಿಲು ತುಳಿಯಬಾರದು, ಆ ಮನೆಯ ನೀರು ಕುಡಿಯಬಾರದು, ಹೇಳಿ ತಿರುಗಿ ನೋಡದೆ ಹೋಗಬೇಕು. ಅವನು ಹೋದ ಮೇಲೆ ಆ ಮನೆಯವರು ಒಲೆ ಆರಿಸುತ್ತಾರೆ, ಮಾಡಿದ ಅಡಿಗೆ ಹೊರಗೆ ಚೆಲ್ಲುತ್ತಾರೆ. ಗುರಣ್ಣ ಎಲ್ಲವನ್ನೂ ಪಾಲಿಸಿದ. ಕೆಲವು ತಿಂಗಳಾಗುವಷ್ಟರಲ್ಲಿ ಅವನು ಬಾಯಿ ಬಿಟ್ಟು ಹೇಳುವ ಅಗತ್ಯವೇ ಉಳಿಯಲಿಲ್ಲ. ಆ ಹಸಿರು ಬಣ್ಣದ, ನಡುವಿನಲ್ಲಿ ಗಂಟಿರುವ ಸೈಕಲ್ ಓಣಿಯ ತುದಿಯಲ್ಲಿ ಕಂಡರೆ ಸಾಕು, ಹೆಂಗಸರು ಅಳಲು ಶುರು ಮಾಡುತ್ತಿದ್ದರು. ಅವನು ಯಾರ ಮನೆಯ ಮುಂದೆ ನಿಂತನೋ ಆ ಮನೆಯವರು ತಮ್ಮಲ್ಲೇ ಲೆಕ್ಕ ಹಾಕಿ, ಕಾಯಿಲೆ ಬಿದ್ದಿದ್ದವರ ಹೆಸರು ಹಿಡಿದು ಅಳುತ್ತಿದ್ದರು. ಹೆಸರು ತಪ್ಪಿದರೆ ಮಾತ್ರ ಅವನು ಸರಿಯಾದ ಹೆಸರು ಹೇಳುತ್ತಿದ್ದ. ಸಾವಿನ ಬಗ್ಗೆ ಅವನು ಆಡಿದ ಮಾತು ಅಷ್ಟೇ.

ಖಣದ ವ್ಯಾಪಾರ ನೆಲ ಕಚ್ಚಿತು. ಯಾವ ಹೆಂಗಸು ತಾನೇ ಅವನ ಕೈಯಿಂದ ಉಡಿ ತುಂಬುವ ಬಟ್ಟೆ ಕೊಳ್ಳುತ್ತಾಳೆ? ಅವನ ಸೈಕಲ್ ಕಂಡರೆ ಕದ ಮುಚ್ಚಿಕೊಳ್ಳುತ್ತಿದ್ದರು. ಮುಚ್ಚದಿದ್ದವರು, ಯಾರು ಹೋದರೋ ಗುರಣ್ಣಾ ಎಂದು ಎದೆ ಹಿಡಿದುಕೊಂಡು ಕೇಳುತ್ತಿದ್ದರು. ಯಾರೂ ಹೋಗಿಲ್ಲ, ಹೊಸ ನಮೂನೆ ಬಂದಿದೆ ಎಂದರೆ ಬೈದು ಕಳಿಸುತ್ತಿದ್ದರು. ತಮ್ಮ ಮನೆಯಲ್ಲಿ ಸಾವಾದಾಗ ಇದೇ ಸೈಕಲ್ ಬೇಕು, ಆದರೆ ಆ ಸೈಕಲ್ ತಮ್ಮ ಓಣಿಗೆ ಬರಬಾರದು. ನನಗೆ ಇವರ ಮೇಲೆ ಬಹಳ ಸಿಟ್ಟು ಬರುತ್ತಿತ್ತು. ಸೈಕಲ್ ಮಾರಿಬಿಡು ಎಂದು ಒಮ್ಮೆ ಗುರಣ್ಣನಿಗೆ ಗಟ್ಟಿಯಾಗಿಯೇ ಹೇಳಿದೆ. ಗಿರಣಿ ನಿಲ್ಲಿಸಿ ಎಂಜಿನ್ನಿನ ಪಟ್ಟಿ ಜೋಡಿಸುತ್ತಿದ್ದೆ, ಸದ್ದಿರಲಿಲ್ಲ.

"ಮಾರಿದ್ರ ಸುದ್ದಿ ಯಾರು ಒಯ್ಯಬೇಕ್ರಿ?" ಎಂದ. "ನಮ್ಮಪ್ಪ ಸತ್ತಾಗ ನಾ ಸೊಲ್ಲಾಪುರದಾಗಿದ್ದೆ. ಬರೂದ್ರಾಗ ಮಣ್ಣ ಮಾಡಿದ್ರು. ಮಕ ನೋಡದಂಗ ಹೋಗಬಾರದ್ರಿ ಯಾರೂ."

ಅವನು ನಗದೆ ಹೇಳಿದ ಮಾತು ನನಗೆ ನೆನಪಿರುವ ಮಟ್ಟಿಗೆ ಅದೊಂದೇ. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅವನು ತಂಗಿಗೆಂದು ಒಂದು ಖಣ ತೆಗೆದುಕೊಂಡು ನಮ್ಮೂರಿಗೆ ಬಂದ. ಬರೀ ನೋಡಿಕೊಂಡು ಹೋಗಲು ಬಂದದ್ದು. ಶರಣಬಸಮ್ಮ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ಕ್ರಾಸಿನ ದಾರಿಯಲ್ಲಿ ಅಣ್ಣ ಸೈಕಲ್ ಹತ್ತಿ ಬರುವುದನ್ನು ನೋಡಿದಳು. ನೆಲೋಗಿಯಲ್ಲಿ ಅವರ ಅವ್ವ ಸಾಬವ್ವ ಒಬ್ಬಳೇ ವಯಸ್ಸಾದವಳು, ದಮ್ಮಿನ ಕಾಯಿಲೆಯವಳು. ಲೆಕ್ಕ ಹಾಕಲು ಹೊತ್ತು ಹಿಡಿಯಲಿಲ್ಲ. ಅಣ್ಣ ನನ್ನ ಗಿರಣಿ ದಾಟುವ ಮೊದಲೇ ಅವಳು ಮೆಟ್ಟಿಲಲ್ಲಿ ಕುಸಿದು ಅವ್ವನ ಹೆಸರು ಹಿಡಿದು ಅಳುತ್ತಿದ್ದಳು. ಓಣಿಯೆಲ್ಲ ಸೇರಿತು. ಮಲ್ಕಪ್ಪನ ತಾಯಿ ಒಲೆಗೆ ನೀರು ಹಾಕಿ ಬೇಳೆಯ ಗಡಿಗೆಯನ್ನು ಹೊರಗೆ ಚೆಲ್ಲಿದಳು. ಗುರಣ್ಣ ಬಂದು ನೋಡಿದರೆ ಮನೆಯ ತುಂಬ ಸಾವು. ಅವನ ಕೈಯಲ್ಲಿ ಮಾವಿನಕಾಯಿ ಬಣ್ಣದ ಖಣ.

ಸತ್ತಿಲ್ಲ ಎಂದು ನಂಬಿಸಲು ಅವನಿಗೆ ಸಾಕುಸಾಕಾಯಿತಂತೆ. ಅಳು ನಿಂತ ಮೇಲೆ ತಂಗಿಗೆ ಸಿಟ್ಟು ಬಂತು. ಅಣ್ಣನನ್ನು ಹೊರಕಟ್ಟೆಯ ಮೇಲೆ ಕೂರಿಸಿ ತಾನೇ ಒಂದು ಕಟ್ಟಳೆ ಮಾಡಿದಳು. ಇನ್ನು ಮೇಲೆ ಒಳ್ಳೆಯದಕ್ಕೆ ಬರುವುದಾದರೆ ಊರ ಅಂಚಿನಲ್ಲೇ ಸೈಕಲ್ ಮಡಚಿ ಹೆಗಲ ಮೇಲೆ ಹೊತ್ತುಕೊಂಡು ನಡೆದು ಬರಬೇಕು. ಹತ್ತಿಕೊಂಡು ಬಂದರೆ ಕೆಟ್ಟದ್ದು ಎಂದು ತಾನು ತಿಳಿಯುತ್ತೇನೆ. ದೂರದಿಂದಲೇ ತಿಳಿದರೆ ಅವನು ಬಾಗಿಲಿಗೆ ಬರುವವರೆಗೆ ಎದೆ ಗಟ್ಟಿ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ. ಗುರಣ್ಣ ಒಪ್ಪಿದ.

ಮರುದಿನ ಈ ಮಾತು ಗಿರಣಿಗೆ ಬಂತು. ಎಂಜಿನ್ನಿನ ಸದ್ದಿನ ಮೇಲೆ ಏರಿ ವಾರದೊಳಗೆ ಇಜೇರಿಯಂಥ ದೂರದ ಊರಿಗೂ ಮುಟ್ಟಿತು. ಎಲ್ಲ ಊರ ಹೆಂಗಸರಿಗೂ ಅದು ಹಿಡಿಸಿತು. ಗುರಣ್ಣ ಸೈಕಲ್ ಹೊತ್ತು ಬಂದರೆ ಖಣ, ಸೈಕಲ್ ಗುರಣ್ಣನನ್ನು ಹೊತ್ತು ಬಂದರೆ ಸಾವು. ಇದರಲ್ಲಿ ಗೊಂದಲಕ್ಕೆ ಎಡೆಯೇ ಇರಲಿಲ್ಲ. ಕದಗಳು ಮತ್ತೆ ತೆರೆದವು. ನನ್ನ ಗಿರಣಿಯ ಮುಂದೆ ಮುರುಮು ಹಾಕಿ ಗಟ್ಟಿ ಮಾಡಿದ ಜಾಗವಿದೆ. ಅಲ್ಲಿ ಇಳಿದು, ಎರಡು ನಟ್ಟು ತಿರುಗಿಸಿ, ಸೈಕಲ್ ಮಡಚಿ, ಹೆಗಲಿಗೇರಿಸಿ, ಖಣದ ಗಂಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವನು ಊರೊಳಗೆ ಹೋಗುತ್ತಿದ್ದ. ಅಷ್ಟು ಕಬ್ಬಿಣ ಹೊತ್ತು ನಗುವುದು ಸುಲಭವಲ್ಲ, ಆದರೂ ನಗುತ್ತಿದ್ದ. ಭುಜದಲ್ಲಿ ಜಡ್ಡು ಬಿದ್ದು ಅಂಗಿ ಅಲ್ಲೇ ಹರಿಯುತ್ತಿತ್ತು. ಹೊರಲು ಸೈಕಲ್ ಕೊಂಡ ಮೊದಲನೆಯ ಮನುಷ್ಯ ನೀನೇ ಎಂದು ನಾನು ಕಾಡುತ್ತಿದ್ದೆ. ಒಳಗೊಳಗೆ ನನಗೂ ಸಮಾಧಾನವೇ ಆಗಿತ್ತು.

ಮಳೆಗಾಲ ಬಂದಾಗ ಶರಣಬಸಮ್ಮ ಚೊಚ್ಚಲ ಬಸುರಿ. ಕುಬುಸಕ್ಕೆ ಹಸಿರು ಖಣ, ಹಸಿರು ಸೀರೆ ತವರಿನಿಂದ ಬರಬೇಕು. ಸಾಬವ್ವ ತಾನೇ ಬಂದು ಉಡಿ ತುಂಬುವೆನೆಂದು ಹೇಳಿ ಕಳಿಸಿದ್ದಳು. ಅಷ್ಟರಲ್ಲಿ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದಳು. ನಮ್ಮ ದಾರಿಯ ಬಸ್ಸಿನ ಕಂಡಕ್ಟರನ ಬಾಯಲ್ಲಿ ಗುರಣ್ಣ ಆಗಾಗ ಸುದ್ದಿ ಕಳಿಸುತ್ತಿದ್ದ. ಕೊನೆಗೆ ಬಂದದ್ದು ಒಳ್ಳೆಯ ಸುದ್ದಿ. ಅವ್ವ ಗಂಜಿ ಕುಡಿದಿದ್ದಾಳೆ, ದಿಂಬಿಗೆ ಒರಗಿ ಕೂತಿದ್ದಾಳೆ, ಇನ್ನು ನಾಲ್ಕು ದಿನದಲ್ಲಿ ಖಣ ತೆಗೆದುಕೊಂಡು ಬರುತ್ತೇನೆ ಎಂದಿತ್ತು. ಶರಣಬಸಮ್ಮ ಅದನ್ನು ಗಿರಣಿಯಲ್ಲಿ ಎಲ್ಲರಿಗೂ ಹೇಳಿದಳು. ಅಂದು ಬೀಸಿಸಿದ ಹಿಟ್ಟಿನ ಬುಟ್ಟಿಯನ್ನೇ ಮರೆತು ಹೋದಳು, ನಾನು ಕೂಗಿ ಕರೆಯಬೇಕಾಯಿತು.

ಹುಬ್ಬಿ ಮಳೆ ಹಿಡಿದಿತ್ತು. ಎರೆಹೊಲವೆಲ್ಲ ಕಲಸಿದ ಹಿಟ್ಟಾಗಿತ್ತು. ಇನ್ನು ಮುಂದಿನದರಲ್ಲಿ ನನ್ನ ಗಿರಣಿಯ ಆಚೆ ಆದದ್ದನ್ನು ಗುರಣ್ಣ ಬಹಳ ದಿನಗಳ ಮೇಲೆ ಹೇಳಿದ. ಈಚೆ ಆದದ್ದನ್ನು ನಾನೇ ನೋಡಿದೆ.

ಸಾಬವ್ವ ನಸುಕಿನಲ್ಲಿ ತೀರಿಕೊಂಡಳು. ಹಿಂದಿನ ದಿನ ಮಗನನ್ನು ಹತ್ತಿರ ಕರೆದು, ಹೆಚ್ಚುಕಡಿಮೆಯಾದರೆ ತಂಗಿಯ ಬಳಿ ನೀನೇ ಹೋಗು, ಬೇರೆಯವರನ್ನು ಕಳಿಸಬೇಡ ಎಂದಿದ್ದಳು. ಬಸುರಿ ಹೆಂಗಸು, ಒಮ್ಮೆಲೇ ಮೈಮೇಲೆ ಬಿದ್ದ ಹಾಗೆ ಆಗಬಾರದು, ದೂರದಿಂದಲೇ ತಿಳಿಯಲಿ ಎಂದಿದ್ದಳು. ತಂಗಿ ಮಾಡಿದ ಕಟ್ಟಳೆ ಅವ್ವನಿಗೂ ಗೊತ್ತಿತ್ತು. ಹಡೆದ ಮಗ ಹೆಣದ ಪಕ್ಕ ಕೂರಬೇಕು, ಬೇರೆಯವರು ಹೋಗಲಿ ಎಂದು ನೆಲೋಗಿಯ ಹಿರಿಯರು ಹೇಳಿದರು. ಯಾರು ಹೋಗುತ್ತೀರಿ ಎಂದು ಗುರಣ್ಣ ಕೇಳಿದ. ಯಾರೂ ಏಳಲಿಲ್ಲ. ಅವನು ಗೋಣಿತಟ್ಟು ಸುತ್ತಿದ ಸೈಕಲ್ ಎತ್ತಿಕೊಂಡು ಮೊದಲ ಬಸ್ಸು ಹತ್ತಿದ.

ಕ್ರಾಸಿನಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಅರ್ಧಕ್ಕೆ ಆಗಲೇ ಮುರುಮು ಹಾಕಿದ್ದರು. ಅಷ್ಟು ದೂರ ಅವನು ಹತ್ತಿಯೇ ಬಂದ. ಮುರುಮು ಮುಗಿದು ಎರೆ ಶುರುವಾದದ್ದೇ ಚಕ್ರ ಕಚ್ಚಿಕೊಂಡವು. ಇಳಿದು ಕೋಲಿನಿಂದ ಮಣ್ಣು ಕೆರೆದ, ಹತ್ತಿದ, ಮತ್ತೆ ಕಚ್ಚಿದವು. ನೂಕಿದರೆ ಉರುಳಲಿಲ್ಲ, ಎಳೆದರೆ ಬಿದ್ದಿತು. ಸೈಕಲ್ಲನ್ನು ತೊಗರಿಯ ಹೊಲದಲ್ಲೇ ಬಿಟ್ಟು ಬರಬಹುದಿತ್ತಲ್ಲ ಎಂದು ಆಮೇಲೆ ಅನೇಕರು ಜಾಣತನ ತೋರಿಸಿದರು. ಬಿಟ್ಟು ಬಂದರೆ ಅವ್ವ ಹೇಳಿದ ಹಾಗೆ ತಂಗಿಗೆ ದೂರದಿಂದ ತಿಳಿಯುವುದು ಹೇಗೆ? ಊರ ಅಂಚಿನಲ್ಲಿ ನನ್ನ ಗಿರಣಿಯ ಮುಂದೆ ಗಟ್ಟಿ ನೆಲವಿದೆ, ಅಲ್ಲಿಂದ ಓಣಿಗೆಲ್ಲ ಕಲ್ಲು ಹಾಸಿದೆ. ಅಲ್ಲಿಯವರೆಗೆ ಹೊತ್ತು, ಅಲ್ಲಿ ಬಿಚ್ಚಿ, ಹತ್ತಿ ಹೋಗೋಣವೆಂದು ಅವನ ಲೆಕ್ಕ. ಸೈಕಲ್ ಮಡಚಿದ, ಹೆಗಲಿಗೇರಿಸಿದ. ಅಬ್ದುಲ್ ಗನಿ ಹೇಳಿದ್ದು ಅವತ್ತು ಅಕ್ಷರಶಃ ನಿಜವಾಯಿತು.

ಮಳೆ ಸ್ವಲ್ಪ ಹೊತ್ತು ಬಿಟ್ಟಿತ್ತು. ಶರಣಬಸಮ್ಮ ಮಾಳಿಗೆಯ ಬೆಳಕಿಂಡಿಗೆ ತಗಡು ಮುಚ್ಚಲು ಮೇಲೆ ಹತ್ತಿದ್ದಳು. ತೊಗರಿಯ ಹೊಲದ ನಡುವೆ ಅಣ್ಣ ಬರುವುದನ್ನು ಕಂಡಳು. ಹೆಗಲ ಮೇಲೆ ಸೈಕಲ್, ಕಾಲು ನಡಿಗೆ. ಅವಳು ಅಲ್ಲಿಂದಲೇ ಕೈ ಬೀಸಿದಳು. ಅಣ್ಣ ಬಂದ, ಅವ್ವ ಎದ್ದಿರಬೇಕು, ಚಹಾಕ್ಕೆ ಬೆಲ್ಲ ಹಾಕ್ರಿ ಎಂದು ಅತ್ತೆಗೆ ಕೂಗಿ ಹೇಳಿದ್ದು ನನಗೆ ಗಿರಣಿಯವರೆಗೂ ಕೇಳಿಸಿತು. ಎಂಜಿನ್ ಆಗಿನ್ನೂ ಹಚ್ಚಿರಲಿಲ್ಲ.

ಗುರಣ್ಣನೂ ಆ ಕೈ ಬೀಸಿದ್ದನ್ನು ನೋಡಿದ. ನೋಡಿದ ಮೇಲೆ ಅವನ ನಡಿಗೆ ಜೋರಾಯಿತು. ಗಿರಣಿಯ ಮುಂದೆ ಬಂದವನೇ ಸೈಕಲ್ಲನ್ನು ಮುರುಮಿನ ಮೇಲೆ ಕೆಡವಿ ನಟ್ಟು ತಿರುಗಿಸಲು ಕೂತ. ನಾನು ಎಂದಿನಂತೆ ಏನೋ ಒಂದು ಕುಚೋದ್ಯ ಆಡಬೇಕೆಂದು ಹೊರಗೆ ಬಂದೆ. ಅವನು ತಲೆ ಎತ್ತಿದ. ಆ ಮುಖದಲ್ಲಿ ಎಂದಿನ ನಗು ಇರಲಿಲ್ಲ. ಸಾಬವ್ವನಾ ಎಂದೆ. ತಲೆಯಾಡಿಸಿದ.

ನಟ್ಟು ತಿರುಗಲಿಲ್ಲ. ಎರೆಮಣ್ಣು ಬಿಜಾಗರಿಯೊಳಗೆ ಹೊಕ್ಕು ಅಂಟಿನ ಹಾಗೆ ಕೂತಿತ್ತು. ನಾನು ಒಳಗಿಂದ ನಟ್ಟು ಬಿಚ್ಚುವ ಪಾನಾ ತಂದುಕೊಟ್ಟೆ. ಪಾನಾ ಜಾರಿ ಜಾರಿ ಬೀಳುತ್ತಿತ್ತು. ಬಿಡು ಗುರಣ್ಣಾ, ಬಾಯಲ್ಲಿ ಹೇಳು, ಇಲ್ಲವೇ ನಾನು ಹೇಳುತ್ತೇನೆ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಅಷ್ಟು ಮನೆಗಳಿಗೆ ಸಾವು ತಂದವನಿಗೆ ಸಾವನ್ನು ಹೇಳುವ ಮಾತು ಬರುತ್ತಿರಲಿಲ್ಲ. ಅದನ್ನು ಹೇಳುವ ಕೆಲಸ ಯಾವಾಗಲೂ ಸೈಕಲ್ಲೇ ಮಾಡಿತ್ತು.

ಅಷ್ಟರಲ್ಲಿ ಅವಳು ಬಂದೇಬಿಟ್ಟಳು. ತುಂಬಿದ ಹೊಟ್ಟೆ, ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಅಣ್ಣನಿಗೆ ನೀರಿನ ತಂಬಿಗೆ. ನಗುತ್ತ ಬಂದಳು. ಆ ಮನೆತನದವರಿಗೆಲ್ಲ ಅದೇ ನಗು.

"ಅವ್ವ ಎದ್ದು ಅಡ್ಡಾಡಾಕತ್ತಾಳೇನು ಯಣ್ಣಾ? ಹಸರ ಖಣ ಆಕೀನೇ ಆರಿಸಿ ಕೊಟ್ಟಾಳೇನು?"

ಗುರಣ್ಣ ತಲೆ ಎತ್ತಲಿಲ್ಲ. ನಟ್ಟಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. ಮಡಚಿದ್ದನ್ನು ಯಾಕೆ ಬಿಚ್ಚುತ್ತೀ, ಹಾಗೇ ಹೊತ್ತುಕೊಂಡು ಮನೆಗೆ ನಡಿ, ಚಹಾ ಆರಿಹೋಗುತ್ತದೆ ಎಂದಳು. ಅವನು ಬಿಡಲಿಲ್ಲ. ಅಣ್ಣನ ಹಟ ಅವಳಿಗೆ ಗೊತ್ತಿದ್ದದ್ದೇ. ತಂಬಿಗೆಯನ್ನು ಗಿರಣಿಯ ಕಟ್ಟೆಯ ಮೇಲಿಟ್ಟು, ಕಷ್ಟಪಟ್ಟು ಕೆಳಗೆ ಕೂತು, ಮುಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದಳು. ನಾನು ಹಿಡೀತೇನಿ, ನೀ ತಿರುವು ಎಂದಳು. ಒಂದು ನಟ್ಟು ಸಡಿಲಾಯಿತು. ಇನ್ನೊಂದರ ಮಣ್ಣನ್ನು ಅವಳೇ ಸೆರಗಿನಿಂದ ಒರೆಸಿ ಅವಳೇ ತಿರುಗಿಸಿದಳು.

ನಾನು ಅಲ್ಲೇ ನಿಂತಿದ್ದೆ. ಬೇಡ ತಾಯಿ ಎಂದು ಹೇಳಬೇಕೆನಿಸಿತು. ನನ್ನಿಂದಲೂ ಆಗಲಿಲ್ಲ.

ಸೈಕಲ್ ಬಿಚ್ಚಿಕೊಂಡಿತು. ಗುರಣ್ಣ ಅದನ್ನು ಎತ್ತಿ ನಿಲ್ಲಿಸಿದ, ಎರಡೂ ನಟ್ಟನ್ನು ಬಿಗಿ ಮಾಡಿದ, ಕಾಲೆತ್ತಿ ಹತ್ತಿ ಕೂತ. ಎಲ್ಲಿಗೂ ಹೋಗಲಿಲ್ಲ. ಎರಡೂ ಕಾಲನ್ನು ನೆಲಕ್ಕೂರಿ, ತಂಗಿಯ ಕಡೆ ಮುಖ ಮಾಡಿ, ಹ್ಯಾಂಡಲ್ ಹಿಡಿದುಕೊಂಡು ಸುಮ್ಮನೆ ಕೂತ.

ಶರಣಬಸಮ್ಮನ ಮುಖದ ಮೇಲೆ ನಗು ಇನ್ನೂ ಇತ್ತು. ಏನು ಚೇಷ್ಟೆಯೋ ಇದು ಎನ್ನುವ ಹಾಗೆ ಅವನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, ಮಣ್ಣಾದ ತನ್ನ ಸೆರಗನ್ನು ನೋಡಿದಳು. ಮತ್ತೆ ಅವನನ್ನು ನೋಡುವಾಗ ನಗು ಇರಲಿಲ್ಲ.

"ಯಾವಾಗ?" ಎಂದಳು.

"ಕೋಳಿ ಕೂಗೂ ಹೊತ್ತಿಗೆ."

ಅವಳು ಕೂಡಲೇ ಅಳಲಿಲ್ಲ. ಗಿರಣಿಯ ಗೋಡೆ ಹಿಡಿದು ಎದ್ದು ನಿಂತಳು. ಕಟ್ಟೆಯ ಮೇಲಿದ್ದ ತಂಬಿಗೆಯನ್ನು ತೆಗೆದುಕೊಂಡು ಅಣ್ಣನ ಮುಂದೆ ಹಿಡಿದಳು. ಗುರಣ್ಣ ಬೇಡವೆಂದು ತಲೆಯಾಡಿಸಿದ. ಅವನು ಮಾಡಿದ್ದು ಕಟ್ಟಳೆಯಂತೆಯೇ ಇತ್ತು, ಸುದ್ದಿ ತಂದವನು ಆ ಮನೆಯ ನೀರು ಕುಡಿಯಬಾರದು. ಅವಳು ತಂಬಿಗೆಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಇಳೀ ಕೆಳಗ," ಎಂದಳು. "ನೀ ಸುದ್ದಿ ತಂದಾಂವಲ್ಲ, ನಮ್ಮಣ್ಣ. ನಿನಗೂ ಅವ್ವ ಹೋಗ್ಯಾಳ. ನೀರ ಕುಡಿ, ಒಳಗ ಬಾ."

ಅವನು ಇಳಿದ. ಸೈಕಲ್ ಪಕ್ಕಕ್ಕೆ ಬಿತ್ತು, ಎತ್ತಲಿಲ್ಲ. ತಂಬಿಗೆ ಎತ್ತಿ ಗಟಗಟನೆ ಕುಡಿದ. ನೀರು ಗಡ್ಡದ ಮೇಲೆ ಹರಿದು ಅಂಗಿ ನೆನೆಯಿತು, ಅದರಲ್ಲೇ ಅವನ ಅಳು ಶುರುವಾಯಿತು. ಅಷ್ಟು ದಿನ ಅಷ್ಟು ಅಂಗಳಗಳಲ್ಲಿ ನಿಂತು ಬೇರೆಯವರ ಅಳು ಕೇಳಿಸಿಕೊಂಡು ತಿರುಗಿ ನೋಡದೆ ಹೋದ ಮನುಷ್ಯ ತಂಗಿಯ ಹೆಗಲ ಮೇಲೆ ಬಿದ್ದು ಅತ್ತ. ಆಗ ಅವಳೂ ಅತ್ತಳು. ನನ್ನ ಕಣ್ಣೂ ತುಂಬಿತು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಣ್ಣನ ಕೈ ಹಿಡಿದು ಅವಳು ಮನೆಗೆ ಕರೆದುಕೊಂಡು ಹೋದಳು, ಹೊಸ್ತಿಲು ದಾಟಿಸಿ ಒಳಗೆ ಕೂರಿಸಿದಳು.

ಮಲ್ಕಪ್ಪ ಬೇರೆಯವರ ಎತ್ತು ತಂದು ನಾಲ್ಕೆತ್ತಿನ ಬಂಡಿ ಹೂಡಿದ. ಬಂಡಿ ಆ ಎರೆಯಲ್ಲೂ ನಿಲ್ಲದೆ ಕ್ರಾಸಿಗೆ ಮುಟ್ಟಿತು. ಶರಣಬಸಮ್ಮ ಅವ್ವನ ಮುಖ ನೋಡಿದಳು. ಚಳಿಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು, ಅದಕ್ಕೆ ಸಾಬವ್ವ ಎಂದೇ ಹೆಸರಿಟ್ಟರು. ಅದಕ್ಕೂ ಮೊದಲು ಕುಬುಸದ ಹಸಿರು ಖಣವನ್ನು ತವರಿನ ಪರವಾಗಿ ಗುರಣ್ಣನೇ ತಂದಿದ್ದ. ಬಸ್ಸಿನಿಂದ ಇಳಿದು ನಡೆದೇ ಬಂದಿದ್ದ, ಹೆಗಲ ಮೇಲೆ ಏನೂ ಇರಲಿಲ್ಲ.

ಸೈಕಲ್ ನನ್ನ ಗಿರಣಿಯಲ್ಲೇ ಉಳಿಯಿತು. ಒಯ್ಯಲು ಅವನು ಬರಲಿಲ್ಲ, ನಾನು ಹೇಳಿ ಕಳಿಸಲೂ ಇಲ್ಲ. ಮೊದಲ ದಿನ ಅದನ್ನು ಬಿದ್ದಲ್ಲಿಂದ ಎತ್ತಿ ಬಾಗಿಲ ಪಕ್ಕ ಗೋಡೆಗೆ ಒರಗಿಸಿದೆ. ಬೆಳಿಗ್ಗೆ ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರು ಅದನ್ನು ಕಂಡು ಒಳಗೆ ಕಾಲಿಡಲಿಲ್ಲ. ನೆನೆಯುತ್ತ ಹೊರಗೇ ನಿಂತರು. ನಾನು ಬೈಯಲಿಲ್ಲ. ಎರಡೂ ನಟ್ಟು ಸಡಿಲಿಸಿ, ಮಡಚಿ, ಮೂಲೆಯಲ್ಲಿಟ್ಟೆ. ಆಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದರು, ನಾನು ಎಂಜಿನ್ ಹಚ್ಚಿದೆ.